ಯಾರಿಗೂ ಕಡಿಮೆ ಕೊಟ್ಟಿಲ್ಲ

ಸಿರುಗುಪ್ಪ ತಾಲ್ಲೂಕಿನ ನಮ್ಮ ದೇಶನೂರಿನಲ್ಲಿ ಭಾನುವಾರ ಸಂಜೆ ನಾನು ಮಕ್ಕಳಿಗೆ ಬೈಬಲ್ ಕಥೆ ಹೇಳುತ್ತೇನೆ. ಅವರ ಮನೆಯವರು ಭತ್ತದ ನಾಟಿಗೆ, ರೈಸ್ ಮಿಲ್ಲಿನ ಹಮಾಲಿಗೆ ಹೋಗುವವರು. ಓದು ಅಂದರೂ ಹಾಡು ಅಂದರೂ ಮಕ್ಕಳ ಬಾಯಿಗೆ ಮೊದಲು ಬರುವುದು ಒಂದೇ ಮಾತು: “ನಂಗ ಬರಂಗಿಲ್ರಿ ಟೀಚರ್.” ಆಗ ನಾನು ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ತೆಗೆಯುತ್ತೇನೆ.

ಯೇಸು ಅಲ್ಲಿ ಹೇಳಿದ ಕಥೆ ಇದು. ದೂರದೇಶಕ್ಕೆ ಹೊರಟ ಧಣಿಯೊಬ್ಬ ಮೂವರು ಆಳುಗಳಿಗೆ ಅವರವರ ಶಕ್ತಿಗೆ ತಕ್ಕಂತೆ 5, 2 ಮತ್ತು 1 ತಲಾಂತು ಒಪ್ಪಿಸಿದ. ಇಬ್ಬರು ದುಡಿಸಿ ಇಮ್ಮಡಿ ಮಾಡಿದರು. ಮೂರನೆಯವನು ಹೆದರಿ ನೆಲದಲ್ಲಿ ಹೂತಿಟ್ಟ. ಅವನಿಗೆ ಸಿಕ್ಕಿದ್ದು ಕಡಿಮೆ ಎಂದು ಮಕ್ಕಳು ಮರುಗುತ್ತಾರೆ. ಆದರೆ ಒಂದು ತಲಾಂತು ಎಂದರೆ ಆ ಕಾಲದ ಕೂಲಿಯವನ ಸುಮಾರು 6,000 ದಿನಗಳ ಗಳಿಕೆ! ದೇವರು ಯಾರಿಗೂ ಕಡಿಮೆ ಕೊಟ್ಟಿಲ್ಲ. ಐದು ಪಡೆದವನಿಗೂ ಎರಡು ಪಡೆದವನಿಗೂ ಧಣಿ ಆಡಿದ ಮೆಚ್ಚುಗೆಯ ಮಾತು ಒಂದೇ. ಕೊಟ್ಟದ್ದನ್ನು ದುಡಿಸಿದೆಯಾ ಎಂಬುದಷ್ಟೇ ಅವನ ಲೆಕ್ಕ.

ಹಾಗೆ ದುಡಿಸಿದವರನ್ನು ಬಳ್ಳಾರಿಯೇ ಕಂಡಿದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದಾಗ ಇಂಗ್ಲಿಷರಿಗೆ ಕನ್ನಡ ಕಲಿಸುವ ಅಚ್ಚಾದ ವ್ಯಾಕರಣವೂ ಇರಲಿಲ್ಲ, ನಿಘಂಟೂ ಇರಲಿಲ್ಲ. ಇಲ್ಲಿನವರಿಂದಲೇ ಭಾಷೆ ಕಲಿತು ಅನುವಾದಕ್ಕೆ ಕುಳಿತರು. ಕನ್ನಡದ ಪೂರ್ಣ ಬೈಬಲ್ ಕೈಗೆ ಬಂದದ್ದು 1831ರ ಹೊತ್ತಿಗೆ. ಜೊತೆಗಾರ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂತು. ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ ಪತ್ರಿಕೆ ಮರುವರ್ಷ ಬಳ್ಳಾರಿಯಲ್ಲಿ ‘ಕನ್ನಡ ಸಮಾಚಾರ’ವಾಗಿ ಅಚ್ಚಾಯಿತು. ಒಬ್ಬರು ಅನುವಾದಿಸಿದರು, ಒಬ್ಬರು ಪದ ಕೂಡಿಸಿದರು, ಒಬ್ಬರು ಸುದ್ದಿ ಬರೆದರು. ಮತ ಯಾವುದೇ ಇರಲಿ, ಕನ್ನಡ ಓದುವವರಿಗೆಲ್ಲ ಅದರ ಫಲ ಸಿಕ್ಕಿತು.

ನನ್ನ ಗುಂಪಿನ ಒಬ್ಬ ಹುಡುಗಿ ಗಟ್ಟಿಯಾಗಿ ಓದಲು ತಡವರಿಸುತ್ತಿದ್ದಳು. ಆದರೆ ಅಳುವ ಕೂಸನ್ನು ತೊಡೆ ಮೇಲೆ ಕೂರಿಸಿಕೊಂಡು ಸ್ಲೇಟಿನ ಮೇಲೆ ಅಕ್ಷರ ತಿದ್ದಿಸುವ ತಾಳ್ಮೆ ಅವಳಿಗಿತ್ತು. ಚಿಕ್ಕವರನ್ನೆಲ್ಲ ಅವಳಿಗೇ ಒಪ್ಪಿಸಿದೆ. ಅವರಿಗೆ ಓದಿ ಹೇಳುತ್ತಾ ಹೇಳುತ್ತಾ ಅವಳ ನಾಲಿಗೆಯೂ ಸಡಿಲವಾಯಿತು.

ವರ ಇರುವುದು ಒಬ್ಬರಿಗೊಬ್ಬರು ಸೇವೆ ಮಾಡುವುದಕ್ಕೆ ಎಂದು ಪೇತ್ರನೂ ತನ್ನ ಮೊದಲ ಪತ್ರಿಕೆಯಲ್ಲಿ ಬರೆದಿದ್ದಾನೆ. ನಮ್ಮೂರ ಹೆಸರಿನ ದೇಶನೂರು ಕಾಲುವೆ ವಿಜಯನಗರದ ಕಾಲದ್ದು. ಕೊನೆಯ ಗದ್ದೆಗೂ ನೀರು ಮುಟ್ಟಿದರೇ ಕಾಲುವೆಗೆ ಅರ್ಥ, ವರವೂ ಹಾಗೆಯೇ.

ಆದ್ದರಿಂದ ತಂದೆ ತಾಯಂದಿರಲ್ಲಿ ನನ್ನದೊಂದು ಬೇಡಿಕೆ. ಪಕ್ಕದ ಮನೆಯ ಮಗುವಿನ ಅಂಕದೊಡನೆ ನಿಮ್ಮ ಮಗುವನ್ನು ತೂಗಬೇಡಿ. ಅದಕ್ಕೆ ಏನು ಬರುತ್ತದೆ, ಅದು ಯಾರಿಗೆ ಬೇಕಾಗಿದೆ ಎಂದು ನೋಡಿ, ಇಂದೇ ಆ ಕೆಲಸಕ್ಕೆ ಹಚ್ಚಿ. ಹೆದರಿಕೆಯಿಂದ ಹೂತಿಟ್ಟದ್ದನ್ನು ಹೊರತೆಗೆಯಲು ನಂಬಿಕೆಯ ಒಂದು ಮಾತು ಸಾಕು. ಆ ಮಾತು ಮೊದಲು ಮನೆಯಲ್ಲಿ ಕೇಳಿಬರಬೇಕು.