ನಡುದಾರಿಯಲ್ಲಿ ನಿಂತ ಲ್ಯಾಟಿನ್ ಪಾಠ

2025ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಹಲವು ಸರಕಾರಿ ಶಾಲೆಗಳಲ್ಲಿ ಲ್ಯಾಟಿನ್ ಭಾಷೆಯ ಬೋಧನೆಗೆ ದೊರೆಯುತ್ತಿದ್ದ ಅನುದಾನ ನಿಂತುಹೋಯಿತು. ಶೈಕ್ಷಣಿಕ ವರ್ಷ ಅಲ್ಲಿ ಆರಂಭವಾಗುವುದು ಸೆಪ್ಟೆಂಬರಿನಲ್ಲಿ. ಹದಿನಾರರ ಹರೆಯದ ಮಕ್ಕಳು ಬರೆಯುವ ಜಿ.ಸಿ.ಎಸ್.ಇ. ಪರೀಕ್ಷೆ ನಡೆಯುವುದು ಮೇ ಮತ್ತು ಜೂನ್ ತಿಂಗಳುಗಳಲ್ಲಿ. ಪರೀಕ್ಷೆಗೆ ಇನ್ನು ಮೂರು ತಿಂಗಳಿರುವಾಗ ನೆರವು ನಿಂತಿತು. ಹಣಕಾಸಿನ ಬಿಕ್ಕಟ್ಟೇ ಕಾರಣವೆಂದು ಹೊಸ ಸರಕಾರ ತಿಳಿಸಿತು. ವರ್ಷದ ಕೊನೆಯವರೆಗಾದರೂ ಮುಂದುವರಿಸಿರೆಂದು ಶಾಲೆಗಳೂ ವಿದ್ವಾಂಸರೂ ಮಾಡಿದ ಮನವಿ ಫಲಿಸಲಿಲ್ಲ.

ಈ ಯೋಜನೆಯನ್ನು ಹಿಂದಿನ ಸರಕಾರ 2021ರಲ್ಲಿ ಘೋಷಿಸಿತ್ತು. ಮೊತ್ತ 40 ಲಕ್ಷ ಪೌಂಡ್, ಶಾಲೆಗಳು 40, ಆರಂಭ 2022ರ ಸೆಪ್ಟೆಂಬರ್. ಅದರ ಹಿಂದೆ ಒಂದು ಲಜ್ಜಾಸ್ಪದ ಅಂಕಿಸಂಖ್ಯೆಯಿತ್ತು. ಬ್ರಿಟಿಷ್ ಕೌನ್ಸಿಲ್ ಸಮೀಕ್ಷೆಯಂತೆ, ಹನ್ನೊಂದರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಲ್ಯಾಟಿನ್ ಕಲಿಸುವ ಸರಕಾರಿ ಶಾಲೆಗಳು ಶೇ. 2.7 ಮಾತ್ರ, ಶುಲ್ಕ ತೆತ್ತು ಕಲಿಯುವ ಖಾಸಗಿ ಶಾಲೆಗಳಲ್ಲಿ ಈ ಪ್ರಮಾಣ ಶೇ. 49. ಭಾಷೆ ಒಂದೇ, ದೇಶ ಒಂದೇ. ಬಾಗಿಲು ತೆರೆಯುವುದು ಮಾತ್ರ ತಂದೆತಾಯಿಯ ಹಣದ ಚೀಲವನ್ನು ನೋಡಿ.

ಹಿಂದೆ ಸ್ಥಿತಿ ಬೇರೆಯಿತ್ತು. ಇಂಗ್ಲೆಂಡಿನ ‘ಗ್ರಾಮರ್ ಸ್ಕೂಲ್’ ಎಂಬ ಹೆಸರು ಹುಟ್ಟಿದ್ದೇ ಅಲ್ಲಿ ಲ್ಯಾಟಿನ್ ವ್ಯಾಕರಣ ಕಲಿಸುತ್ತಿದ್ದುದರಿಂದ. ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳ ಪ್ರವೇಶಕ್ಕೆ ಲ್ಯಾಟಿನ್ ತಿಳಿದಿರಬೇಕಿತ್ತು. 1960ರಲ್ಲಿ ಆ ನಿಬಂಧನೆ ಕಳಚಿತು. ಕಡ್ಡಾಯದ ಬಲದಿಂದ ನಿಂತಿದ್ದ ವಿಷಯ ಅದು ಹೋದೊಡನೆ ಕುಸಿಯತೊಡಗಿತು.

ಉಳಿಸಲು ಯತ್ನಿಸಿದವರು ಪಾಠ್ಯಪುಸ್ತಕವನ್ನೇ ಬದಲಿಸಿದರು. 1966ರಲ್ಲಿ ಕೇಂಬ್ರಿಜ್‌ನಲ್ಲಿ ಆರಂಭವಾದ ಯೋಜನೆಯೊಂದು 1970ರಲ್ಲಿ ‘ಕೇಂಬ್ರಿಜ್ ಲ್ಯಾಟಿನ್ ಕೋರ್ಸ್’ ಎಂಬ ಪುಸ್ತಕಮಾಲೆಯನ್ನು ಹೊರತಂದಿತು. ವಿಭಕ್ತಿ ಪ್ರತ್ಯಯಗಳ ಕೋಷ್ಟಕವನ್ನು ಬಾಯಿಪಾಠ ಮಾಡಿಸುವ ಬದಲು ಅದು ಮೊದಲ ದಿನವೇ ಕಥೆ ಹೇಳುತ್ತದೆ. ಕಥಾನಾಯಕ ಪೊಂಪೆ ನಗರದ ಕೈಸಿಲಿಯಸ್. ಅವನಿಗೊಂದು ಮನೆ, ಹೆಂಡತಿ, ಮಗ, ಅಡುಗೆಯವ, ಬಾಗಿಲಲ್ಲಿ ನಾಯಿ. ಇವನು ಕಲ್ಪಿತ ವ್ಯಕ್ತಿಯಲ್ಲ. ಲೂಸಿಯಸ್ ಕೈಸಿಲಿಯಸ್ ಯುಕುಂಡಸ್ ಎಂಬ ಈ ಲೇವಾದೇವಿಗಾರನ ಮನೆಯಲ್ಲಿ 1875ರಲ್ಲಿ 150ಕ್ಕೂ ಹೆಚ್ಚು ಮೇಣದ ಹಲಗೆಗಳು ದೊರೆತವು. ಅವೆಲ್ಲ ಹರಾಜು, ಬಾಡಿಗೆ ಇತ್ಯಾದಿಗಳ ಪಾವತಿ ರಸೀದಿಗಳು. ಸಾಕ್ಷಿಗಳ ಹೆಸರು, ಮುದ್ರೆ ಸಹಿತ. ಯಾವ ನೋಂದಣಿ ಕಚೇರಿಯೂ ಮೆಚ್ಚುವಷ್ಟು ಅಚ್ಚುಕಟ್ಟು! 2022ರಲ್ಲಿ ಬ್ರಿಟನ್ನಿನಲ್ಲಿ ಬಂದ ಐದನೆಯ ಆವೃತ್ತಿಯಲ್ಲಿ ಸ್ತ್ರೀಯರಿಗೆ ಹೆಚ್ಚಿನ ಸ್ಥಾನ ದೊರೆತಿದೆ; ಗುಲಾಮರ ಬಾಳಿನ ಕಷ್ಟವನ್ನೂ ಮೊದಲಿಗಿಂತ ನೇರವಾಗಿ ತೋರಿಸಲಾಗಿದೆ.

ಲ್ಯಾಟಿನ್ ಏಕೆ ಕಲಿಯಬೇಕೆಂಬ ಪ್ರಶ್ನೆಗೆ ವಾಡಿಕೆಯ ಉತ್ತರವೊಂದಿದೆ: ಅದು ಬುದ್ಧಿಯನ್ನು ಹರಿತಗೊಳಿಸುತ್ತದೆ, ಬೇರೆ ಭಾಷೆಗಳನ್ನು ಸುಲಭಗೊಳಿಸುತ್ತದೆ. ಸಾಕ್ಷ್ಯ ಈ ವಾದವನ್ನು ಅಷ್ಟಾಗಿ ಸಮರ್ಥಿಸುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1924ರಲ್ಲಿ 8,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಪರೀಕ್ಷಿಸಿ, ತರ್ಕಶಕ್ತಿಯ ವೃದ್ಧಿಯಲ್ಲಿ ಲ್ಯಾಟಿನ್‌ಗೆ ವಿಶೇಷ ಮೇಲುಗೈಯಿಲ್ಲವೆಂದು ಕಂಡುಕೊಂಡ. 2003ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ, ಸ್ಪ್ಯಾನಿಷ್ ಕಲಿಯಹೊರಟವರ ಪೈಕಿ ಹಿಂದೆ ಲ್ಯಾಟಿನ್ ಓದಿದವರಿಗಿಂತ ಫ್ರೆಂಚ್ ಓದಿದವರೇ ಕಡಿಮೆ ತಪ್ಪು ಮಾಡಿದರು. ಒಂದು ಭಾಷೆಯನ್ನು ಇನ್ನೊಂದಕ್ಕೆ ಮೆಟ್ಟಿಲೆಂದು ಹೊಗಳಿದರೆ, ನೇರ ದಾರಿ ಸಿಕ್ಕಿದವರು ಮೆಟ್ಟಿಲನ್ನು ಬಿಟ್ಟುಬಿಡುತ್ತಾರೆ. ಲ್ಯಾಟಿನ್‌ನ ಹಿತೈಷಿಗಳು ಈ ವಾದವನ್ನು ಕೈಬಿಡುವುದೇ ಲೇಸು.

ಅದಕ್ಕಿಂತ ಗಟ್ಟಿಯಾದ ಕಾರಣ ಉತ್ತರ ಇಂಗ್ಲೆಂಡಿನ ವಿಂಡೊಲಾಂಡ ಎಂಬಲ್ಲಿ ಮಣ್ಣಿನಡಿ ದೊರೆತಿದೆ. ರೋಮನ್ ಸಾಮ್ರಾಜ್ಯದ ಗಡಿಯ ಸೈನಿಕ ಠಾಣ್ಯವದು. 1973ರಿಂದ ಅಲ್ಲಿನ ಉತ್ಖನನದಲ್ಲಿ ತೆಳ್ಳನೆಯ ಮರದ ಹಾಳೆಗಳ ಮೇಲೆ ಶಾಯಿಯಿಂದ ಬರೆದ ನೂರಾರು ಪತ್ರಗಳು ಸಿಕ್ಕಿವೆ. ಕಾಲ ಕ್ರಿ.ಶ. 100ರ ಆಸುಪಾಸು. ಒಂದು ಪತ್ರದಲ್ಲಿ ಕಾಲುಚೀಲ, ಒಳ ಉಡುಪು ಕಳುಹಿಸಿದ ಸುದ್ದಿಯಿದೆ. ಇನ್ನೊಂದರಲ್ಲಿ ತನ್ನವರಿಗೆ ಬಿಯರ್ ಮುಗಿದಿದೆ, ಕಳುಹಿಸಬೇಕೆಂಬ ಕೋರಿಕೆ. ಕ್ಲಾಡಿಯಾ ಸೆವೆರಾ ಎಂಬಾಕೆ ಗೆಳತಿ ಸಲ್ಪಿಸಿಯಾ ಲೆಪಿಡಿನಾಳನ್ನು ಸೆಪ್ಟೆಂಬರ್ 11ರ ತನ್ನ ಜನ್ಮದಿನಕ್ಕೆ ಕರೆದಿದ್ದಾಳೆ. ಪತ್ರದ ಹೆಚ್ಚಿನ ಭಾಗ ಲಿಪಿಕಾರನದು. ಕೊನೆಯ ಸಾಲುಗಳನ್ನು ಅವಳೇ ತನ್ನ ಕೈಯಾರೆ ಸೇರಿಸಿದ್ದಾಳೆ. ಸ್ತ್ರೀಯೊಬ್ಬಳ ಕೈಬರಹದಲ್ಲಿ ಉಳಿದುಬಂದಿರುವ ಅತಿ ಹಳೆಯ ಲ್ಯಾಟಿನ್ ಬರಹಗಳಲ್ಲಿ ಅದೂ ಒಂದು.

ಇನ್ನೊಂದು ಹಾಳೆಯಲ್ಲಿ ಯಾರೋ ವರ್ಜಿಲ್ ಕವಿಯ ಒಂದು ಸಾಲನ್ನು ನಕಲು ಮಾಡಿದ್ದಾರೆ. ಬಹುಶಃ ಮಗುವಿನ ಕಾಪಿ ಬರಹ. ಅದರ ಮುಂದೆ ಬೇರೊಂದು ಕೈ ಮೂರು ಅಕ್ಷರ ಗೀಚಿದೆ. ‘ಅಸಡ್ಡೆಯ ಕೆಲಸ’ ಎಂಬ ಗುರುವಿನ ಟಿಪ್ಪಣಿ ಅದಿರಬೇಕೆಂದು ವಿದ್ವಾಂಸರ ಊಹೆ. ಆ ಠಾಣ್ಯದಲ್ಲಿದ್ದ ಬಟಾವಿಯನ್ ದಳದವರು ಇಂದಿನ ನೆದರ್ಲೆಂಡ್ಸ್ ಭಾಗದಿಂದ ಬಂದವರು. ಲ್ಯಾಟಿನ್ ಅವರ ಮನೆಮಾತಲ್ಲ. ಗಡಿಯಲ್ಲಿ, ಪರಭಾಷೆಯಲ್ಲಿ, ಬೈಸಿಕೊಂಡು ಕಲಿತ ಆ ಮಗುವಿನ ಅಕ್ಷರವನ್ನು ಇಂದಿನ ಹನ್ನೆರಡು ವರ್ಷದ ವಿದ್ಯಾರ್ಥಿಯೊಬ್ಬ ಅನುವಾದದ ಹಂಗಿಲ್ಲದೆ ಓದಬಲ್ಲನೆಂದರೆ, ಅದಕ್ಕೆ ಬೇರೆ ಪ್ರಯೋಜನದ ಲೆಕ್ಕ ಬೇಕಿಲ್ಲ. ಬಾರ್ಬರಾ ಬೆಲ್ 1999ರಲ್ಲಿ ಪ್ರಾಥಮಿಕ ಶಾಲೆಗಳಿಗಾಗಿ ಬರೆದ ‘ಮಿನಿಮಸ್’ ಪುಸ್ತಕದ ಪುಟ್ಟ ಇಲಿ ಇದೇ ವಿಂಡೊಲಾಂಡದ ಇದೇ ಲೆಪಿಡಿನಾಳ ಮನೆಯಲ್ಲಿ ವಾಸಿಸುತ್ತದೆ.

ಪುಸ್ತಕವಿದೆ, ಕುತೂಹಲವೂ ಇದೆ. ಕೊರತೆ ಶಿಕ್ಷಕರದು. ಸರಕಾರಿ ಶಾಲೆಯಲ್ಲಿ ಲ್ಯಾಟಿನ್ ಬಹುಮಟ್ಟಿಗೆ ಒಬ್ಬರ ಹೆಗಲ ಮೇಲೆ ನಿಂತಿರುತ್ತದೆ. ಅವರು ವರ್ಗವಾದರೆ ಅಥವಾ ನಿವೃತ್ತರಾದರೆ ವಿಷಯವೂ ಜತೆಗೇ ಹೊರಡುತ್ತದೆ. 2010ರಲ್ಲಿ ಸ್ಥಾಪನೆಯಾದ ‘ಕ್ಲಾಸಿಕ್ಸ್ ಫಾರ್ ಆಲ್’ ಎಂಬ ದತ್ತಿಸಂಸ್ಥೆ ಇಂಗ್ಲಿಷ್, ಇತಿಹಾಸ ಮೊದಲಾದವುಗಳ ಶಿಕ್ಷಕರಿಗೇ ತರಬೇತಿ ಕೊಟ್ಟು ಈ ಕಂದಕವನ್ನು ತುಂಬಲು ಶ್ರಮಿಸುತ್ತಿದೆ. ಭಾಷಾಪಾಠ ಏಣಿಯಂತೆ, ಏಳನೆಯ ತರಗತಿಯಲ್ಲಿ ಹತ್ತಿದವನಿಗೆ ಹತ್ತನೆಯದರಲ್ಲಿಯೂ ಮೆಟ್ಟಿಲಿರಬೇಕು. ನಾಲ್ಕು ವರ್ಷದ ಅನುದಾನವನ್ನು ಮೂರನೆಯ ವರ್ಷದ ನಡುವೆ ಹಿಂತೆಗೆದುಕೊಂಡರೆ ಹಾನಿ ಲೆಕ್ಕಪತ್ರದಲ್ಲಿ ಕಾಣಿಸುವುದಿಲ್ಲ. ಮಧ್ಯದ ಮೆಟ್ಟಿಲಲ್ಲಿ ನಿಂತ ಮಕ್ಕಳಿಗೆ ಮಾತ್ರ ಅದು ತಿಳಿದಿರುತ್ತದೆ. ಹೊಸ ಸರಕಾರ ಯೋಜನೆಯನ್ನು ನಿಲ್ಲಿಸಲು ಸ್ವತಂತ್ರವಾಗಿತ್ತು, ನಿಜ. ಹೊಸ ಪ್ರವೇಶವನ್ನು ನಿಲ್ಲಿಸಿ, ಸೇರಿದವರ ಪಾಠವನ್ನು ಪೂರೈಸುವ ದಾರಿಯೂ ಅದಕ್ಕೆ ತೆರೆದೇ ಇತ್ತು.

ಕಾಸರಗೋಡಿನ ತಂದೆತಾಯಂದಿರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಕನ್ನಡ ತಿಳಿಯದ ಶಿಕ್ಷಕರು ಕನ್ನಡ ಮಾಧ್ಯಮ ತರಗತಿಗೆ ನೇಮಕಗೊಂಡಾಗ ಅವರು ಶಾಲೆಯೆದುರು ಪ್ರತಿಭಟಿಸಿದ್ದುಂಟು. ಆದರೆ ಎರಡೂ ಒಂದೇ ಅಲ್ಲ. ಲ್ಯಾಟಿನ್ ಇಂದು ಯಾವ ಮಗುವಿಗೂ ತೊಟ್ಟಿಲ ಭಾಷೆಯಲ್ಲ. ಅದರ ಬೋಧನೆ ಸರಕಾರದ ಔದಾರ್ಯ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸತಕ್ಕದ್ದೆಂದು 1956ರ ಏಳನೆಯ ತಿದ್ದುಪಡಿಯಿಂದ ಸೇರಿದ ಸಂವಿಧಾನದ 350-ಎ ಅನುಚ್ಛೇದವೇ ಹೇಳುತ್ತದೆ. ಪ್ರಾಸಂಗಿಕವಾಗಿ ಒಂದು ಮಾತು: ಅದೇ ಸಂವಿಧಾನದ 32ನೆಯ ಅನುಚ್ಛೇದ ಹೆಸರಿಸುವ ಐದು ರಿಟ್‌ಗಳಲ್ಲಿ ಹೇಬಿಯಸ್ ಕಾರ್ಪಸ್, ಮ್ಯಾಂಡಮಸ್, ಕೋ ವಾರಂಟೊ, ಸರ್ಷಿಯೊರರಿ ಎಂಬ ನಾಲ್ಕರ ಹೆಸರು ಲ್ಯಾಟಿನ್. ಮ್ಯಾಂಡಮಸ್ ಮತ್ತು ಸರ್ಷಿಯೊರರಿಗಳನ್ನು ಇಂಗ್ಲೆಂಡ್ 2004ರಲ್ಲಿ ಸರಳ ಇಂಗ್ಲಿಷಿಗೆ ಬದಲಿಸಿಕೊಂಡಿತು. ನಮ್ಮ ನ್ಯಾಯಾಲಯಗಳಲ್ಲಿ ಅವು ಇನ್ನೂ ಹಳೆಯ ಹೆಸರಿನಲ್ಲೇ ಓಡಾಡುತ್ತಿವೆ.

ಪ್ರಾಚೀನ ಅಧ್ಯಯನ ಕರಾವಳಿಗೆ ತೀರ ದೂರದ ಸಂಗತಿಯೂ ಅಲ್ಲ. ಕೈಸಿಲಿಯಸನ ಪೊಂಪೆಯನ್ನು ಹೂತುಹಾಕಿದ ಕ್ರಿ.ಶ. 79ರ ಜ್ವಾಲಾಮುಖಿಯಲ್ಲೇ ಪ್ಲಿನಿ ಎಂಬ ಪಂಡಿತ ಮಡಿದ. ಅವನ ಲ್ಯಾಟಿನ್ ಗ್ರಂಥ, ಕೇರಳದ ಮುಜಿರಿಸ್ ಬಂದರಿಗೆ ಹೋಗುವ ಹಡಗುಗಳಿಗೆ ಸಮೀಪದ ನಿಟ್ರಿಯಾಸ್‌ನ ಕಡಲ್ಗಳ್ಳರ ಭಯವಿದೆಯೆಂದು ಎಚ್ಚರಿಸುತ್ತದೆ. ಆ ನಿಟ್ರಿಯಾಸ್ ನೇತ್ರಾವತಿಯ ಮುಖವೆಂದು ಕೆಲವು ವಿದ್ವಾಂಸರ ಅಭಿಪ್ರಾಯ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಗ್ರೀಕ್ ಪ್ರಹಸನವೊಂದರಲ್ಲಿ ಭಾರತದ ತೀರದ ಪಾತ್ರಗಳು ಗ್ರೀಕರಿಗೆ ಅರ್ಥವಾಗದ ಮಾತನ್ನಾಡುತ್ತವೆ. ಅದು ಕನ್ನಡವೆಂದು ಹುಲ್ಟ್ಸ್ 1904ರಲ್ಲಿ ಸೂಚಿಸಿದ. ಗ್ರೀಕ್ ಬಲ್ಲ ಮಂಜೇಶ್ವರದ ಗೋವಿಂದ ಪೈಗಳು ಆ ಪ್ರಶ್ನೆಯನ್ನು ಕೈಗೆತ್ತಿಕೊಂಡು ಚರ್ಚಿಸಿದರು. ಒಪ್ಪದವರೂ ಇದ್ದಾರೆ. ವಿವಾದ ಇತ್ಯರ್ಥವಾಗಬೇಕಿದ್ದರೆ ಹಳೆಯ ಗ್ರೀಕ್ ಮತ್ತು ಹಳಗನ್ನಡ ಎರಡನ್ನೂ ಓದಬಲ್ಲ ಒಬ್ಬರಾದರೂ ಬೇಕು.