ಹಿನಕಲ್ ಕೆರೆ ‘ಬೆಳೆದ’ ಪಾಠ: ಹಳೆಯ ಸ್ಥಳಾಕೃತಿ ನಕ್ಷೆಯನ್ನು ತರಗತಿಗೆ ಒಯ್ದಾಗ

ಬೋಧನಾಭ್ಯಾಸಕ್ಕೆಂದು ಹಿನಕಲ್‌ನ ಒಂಬತ್ತನೇ ತರಗತಿಗೆ ಹೋದಾಗ ನಾನು ಆರಿಸಿಕೊಂಡ ಚಟುವಟಿಕೆ ‘ನಮ್ಮೂರು ಹಿಂದೆ ಹೇಗಿತ್ತು?’ ಎಂಬುದು. ವರ್ತುಲ ರಸ್ತೆ, ಹುಣಸೂರು ರಸ್ತೆಯ ಮೇಲ್ಸೇತುವೆ, ವಿಜಯನಗರದ ಬಡಾವಣೆಗಳ ನಡುವೆ ಬೆಳೆದ ಈ ಮಕ್ಕಳಿಗೆ ಹಿನಕಲ್ ಎಂದರೆ ಮೈಸೂರಿನ ಒಂದು ಬಸ್ ಸ್ಟಾಪ್. ಸುತ್ತ ಹೊಲವಿದ್ದ ಪ್ರತ್ಯೇಕ ಹಳ್ಳಿ ಇದಾಗಿತ್ತು ಎಂದಾಗ ಹಿಂದಿನ ಬೆಂಚಿನವರು ನಕ್ಕರು.

ನಾನು ಒಯ್ದದ್ದು ಭಾರತೀಯ ಸರ್ವೇಕ್ಷಣಾ ಇಲಾಖೆಯ 57 ಡಿ/11 ಸಂಖ್ಯೆಯ ಹಾಳೆಯ ಎರಡು ಆವೃತ್ತಿ. ಹಳೆಯದು ಒಂದು ಮೈಲಿಗೆ ಒಂದಂಗುಲದ್ದು, ಅಂದರೆ 1:63,360. ಇನ್ನೊಂದು ದಶಮಾಂಶ ಪದ್ಧತಿ ಬಂದ ಮೇಲಿನ 1:50,000. ಮೈಸೂರು ಸೀಮೆಗೆ ಸರ್ವೆ ಹೊಸದಲ್ಲ. 1799ರಲ್ಲಿ ಟಿಪ್ಪು ಮಡಿದ ಬೆನ್ನಿಗೇ ಇಲ್ಲಿ ಅಳತೆಗಿಳಿದ ಕಾಲಿನ್ ಮೆಕೆಂಜಿಯೇ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದದ್ದು. ಮಕ್ಕಳಿಗೆ ಇದನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸಿದೆ.

ಬಣ್ಣಗಳನ್ನು ಅವರು ಬೇಗ ಹಿಡಿದರು. ಸಾಗುವಳಿಗೆ ಹಳದಿ, ನೀರಿಗೆ ನೀಲಿ, ವಸತಿಗೆ ಕೆಂಪು, ಸಮೋನ್ನತಿ ರೇಖೆಗೆ ಕಂದು. ಕೆರೆಯನ್ನು ಹೋಲಿಸಲು ಹೇಳಿದೆ. ಒಂದು ಗುಂಪು ದಾರ ಇಟ್ಟು ಅಳೆದು, ಹೊಸ ನಕ್ಷೆಯಲ್ಲಿ ಕೆರೆ ದೊಡ್ಡದಾಗಿದೆ ಎಂದು ಬರೆಯಿತು. ನಾನೂ ಗಮನಿಸದೆ ‘ಸರಿ’ ಹಾಕಿದೆ. ಮಾರನೆಯ ದಿನ ಒಬ್ಬ ಹುಡುಗಿ ಹೇಳಿದಳು: “ಮಿಸ್, ನಮ್ಮಜ್ಜಿ ನಗಾಡ್ತು. ಸುತ್ತ ಮನೆ ಎದ್ದವೆ, ಕೆರೆ ಎಲ್ಲಿ ಬೆಳೀತದೆ ಅಂತು.”

ತಪ್ಪು ನನ್ನದು. ಹಳೆಯ ಹಾಳೆಯಲ್ಲಿ 1 ಸೆಂ.ಮೀ. ಎಂದರೆ ನೆಲದ ಮೇಲೆ 633.6 ಮೀಟರ್, ಹೊಸದರಲ್ಲಿ 500 ಮೀಟರ್. ಏನೂ ಬದಲಾಗದ ಕೆರೆಯೂ ಹೊಸ ಹಾಳೆಯಲ್ಲಿ ಸುಮಾರು 1.27 ಪಟ್ಟು ಉದ್ದ, 1.6 ಪಟ್ಟು ವಿಸ್ತಾರವಾಗಿ ಕಾಣುತ್ತದೆ. ಗಣಿತದ ವಿದ್ಯಾರ್ಥಿನಿಯಾಗಿ ನಾನು ಎಡವಿದ್ದು ಇಲ್ಲೇ. ಅದನ್ನು ತರಗತಿಯಲ್ಲಿ ಒಪ್ಪಿಕೊಂಡು, ಅನುಪಾತದ ಲೆಕ್ಕವಾಗಿ ಮಕ್ಕಳಿಂದಲೇ ಮಾಡಿಸಿದೆ. ಆ ನಲವತ್ತು ನಿಮಿಷ ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. ಅಷ್ಟು ಗಲಾಟೆಯ, ಅಷ್ಟು ಒಳ್ಳೆಯ ತರಗತಿ ನನಗೆ ಮತ್ತೆ ಸಿಗಲಿಲ್ಲ.

ಆಮೇಲೆ ಹಳೆಯ ನಕ್ಷೆಯ ಹಿನಕಲ್ ಭಾಗವನ್ನು ಝೆರಾಕ್ಸ್ ಅಂಗಡಿಯಲ್ಲಿ ಶೇ. 127ಕ್ಕೆ ಹಿಗ್ಗಿಸಿ, ಟ್ರೇಸಿಂಗ್ ಹಾಳೆಗೆ ಇಳಿಸಿ, ಹೊಸದರ ಮೇಲೆ ಇಟ್ಟೆವು. ಎರಡನ್ನೂ ಕೂಡಿಸಲು ಜಾಗ ಬದಲಿಸದ ಗುರುತು ಬೇಕು. ಕೆರೆಯ ಏರಿ, ಹಳೆಯ ಊರಿನ ನಡುವಿನ ಕೂಡುದಾರಿ, ದೇವಸ್ಥಾನ ಇದಕ್ಕೆ ಒದಗುತ್ತವೆ. ನೀರಿನ ಅಂಚನ್ನು ಮಾತ್ರ ನಂಬಬಾರದು, ಅದು ಮಳೆಗಾಲಕ್ಕೊಂದು ಬೇಸಿಗೆಗೊಂದು. ಹಾಳೆಯ ಅಂಚಿನಲ್ಲಿ ಸರ್ವೆ ಮಾಡಿದ ವರ್ಷ, ಅಚ್ಚಾದ ವರ್ಷ ಬೇರೆಬೇರೆ ಇರುತ್ತವೆ. ಊರಿನ ಚಿತ್ರ ಸರ್ವೆಯ ವರ್ಷದ್ದು.

ಟ್ರೇಸಿಂಗ್ ಹಾಳೆಯನ್ನು ಆ ಹುಡುಗಿ ಮನೆಗೆ ಒಯ್ದಳು. ಹಳದಿ ಬಳಿದ ಜಾಗವೆಲ್ಲ ನಕ್ಷೆಗೆ ಬರೀ ‘ಸಾಗುವಳಿ’. ಯಾರ ಹೊಲ, ರಾಗಿಯೋ ಹುರುಳಿಯೋ, ಯಾವಾಗ ಮಾರಿದ್ದು, ಯಾವಾಗ ಸ್ವಾಧೀನಕ್ಕೆ ಹೋಯಿತು, ಇದ್ಯಾವುದೂ ಅದರಲ್ಲಿಲ್ಲ. ಅಜ್ಜಿಗೆ ನಕ್ಷೆ ಓದಲು ಬಾರದು. ಮೊಮ್ಮಗಳು ಏರಿಯ ಮೇಲೆ ಬೆರಳಿಟ್ಟು ತೋರಿಸಿದ ಮೇಲೆ, ಅಲ್ಲಿಂದ ಹೊಲಕ್ಕೆ ನಡೆದು ಹೋಗುತ್ತಿದ್ದ ದಾರಿಯನ್ನು ಹೇಳುತ್ತಾ ಹೋದರಂತೆ. ಮಗು ಹಾಕಿಕೊಂಡು ಬಂದ ಪೆನ್ಸಿಲ್ ಗುರುತು ಇವತ್ತಿನ ವರ್ತುಲ ರಸ್ತೆಯ ಮೇಲೆ ಬಿತ್ತು.

ನಾವು ಅದರ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿ ಇಟ್ಟಿದ್ದೇವೆ. ನೆನಪಿನ ದಾರಿಯನ್ನು ತಾಳೆ ನೋಡಲು ಭೂಮಾಪನ ಇಲಾಖೆಯ ಗ್ರಾಮ ನಕ್ಷೆ ಬೇಕು. ಸರ್ವೆ ನಂಬರು, ಹಳ್ಳ, ಬಂಡಿದಾರಿಗಳು ಇರುವುದು ಅದರಲ್ಲಿ. ನನ್ನ ಅವಧಿ ಅಷ್ಟರಲ್ಲಿ ಮುಗಿಯಿತು. ಟ್ರೇಸಿಂಗ್ ಹಾಳೆ ಶಾಲೆಯ ಸಮಾಜ ವಿಜ್ಞಾನದ ಕಪಾಟಿನಲ್ಲಿದೆ. ಮುಂದಿನ ತಂಡದಲ್ಲಿ ಹಿನಕಲ್‌ಗೆ ಹೋಗುವವರು ಗ್ರಾಮ ನಕ್ಷೆ ಹಿಡಿದು ಹೋಗಲಿ, ಅಜ್ಜಿಯನ್ನೂ ಕೇಳಲಿ.