ವಿಜ್ಞಾನಯುಗದಲ್ಲಿ ಧರ್ಮದ ಉಳಿವು
ವಿಜ್ಞಾನವು ಬೆಳೆದಂತೆ ಧರ್ಮವು ಅಳಿಯುವುದೆಂಬ ಮಾತು ಹಳೆಯದು. ಸೋವಿಯತ್ ರಷ್ಯಾ ಅದನ್ನು ರಾಜ್ಯಬಲದಿಂದಲೇ ಪರೀಕ್ಷಿಸಿತು. 1931ರಲ್ಲಿ ಮಾಸ್ಕೋದ ಮಹಾ ಇಗರ್ಜಿಯನ್ನು ಸಿಡಿಮದ್ದಿಟ್ಟು ಕೆಡವಲಾಯಿತು. ಮುಂದೆ ಅಲ್ಲಿ ಈಜುಕೊಳವಾಯಿತು. ಆದರೂ 1937ರ ಜನಗಣತಿಯಲ್ಲಿ, ಭಯದ ಆ ದಿನಗಳಲ್ಲಿಯೂ, ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವು ಆಸ್ತಿಕರೆಂದೇ ಬರೆಯಿಸಿದರು. ಸರಕಾರವು ಆ ಗಣತಿಯನ್ನೇ ಅಡಗಿಸಿತು! ಇಪ್ಪತ್ತು ವರ್ಷಗಳ ಮೇಲೆ ಸ್ಪುಟ್ನಿಕ್ಕನ್ನು ಹಾರಿಸಿದ ನಾಡೂ ಇದೇ.

ಮಗುವನ್ನು ಕಳೆದುಕೊಂಡ ತಾಯಿಗೆ ವಿಜ್ಞಾನವು ಮರಣದ ಕಾರಣವನ್ನು ತಿಳಿಸಬಲ್ಲುದು. ಆ ಮರಣದೊಡನೆ ಬಾಳುವ ಬಗೆಯನ್ನು ಕಲಿಸುವುದು ಅದರ ಕೆಲಸವಲ್ಲ. ಅದು ವಿಜ್ಞಾನದ ನ್ಯೂನತೆಯೂ ಅಲ್ಲ. ಆಕೆಗೆ ಆಗ ಬೇಕಾದುದು ಒಡನೆ ಕುಳಿತು ಪ್ರಾರ್ಥಿಸುವ ನಾಲ್ಕು ಜನ, ಮಣ್ಣು ಕೊಡುವುದಕ್ಕೊಂದು ವಿಧಿ. ಸ್ಥಾವರವಾದ ಇಗರ್ಜಿ ಉರುಳಿದರೂ ಆ ವಿಧಿಯು ಮನೆಗಳೊಳಗೆ ನಡೆದೇ ಇತ್ತು. ಕಲ್ಲಿನ ಕಟ್ಟಡವು ಮರಳಿ ಎದ್ದು ಪ್ರತಿಷ್ಠೆಗೊಂಡುದು 2000ದಲ್ಲಿ.